ಕೆಂಪು ಗುಡ್ಡಕ್ಕೆ ನಾಲ್ಕು ದಪ್ಪ ಗಾಲಿ

ಓಬಳಾಪುರವನ್ನು ಕಣ್ಣಾರೆ ಕಂಡವರು ಕಡಿಮೆ. ಹೆಸರು ಕೇಳದವರು ಇನ್ನೂ ಕಡಿಮೆ. ಊರು ಬಳ್ಳಾರಿಗೆ ಹತ್ತಿರ, ಲೆಕ್ಕಕ್ಕೆ ಮಾತ್ರ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಡಿ. ಹಿರೇಹಾಳ್ ಮಂಡಲದ್ದು. ಬಳ್ಳಾರಿ–ರಾಯದುರ್ಗ ರೈಲು ಹಾದಿಯಲ್ಲಿ ಅದೇ ಹೆಸರಿನ ಪುಟ್ಟ ನಿಲ್ದಾಣವೊಂದಿದೆ. ಈ ಸೀಮೆಯಲ್ಲಿ ಅಂಗಡಿಯ ಬೋರ್ಡು ತೆಲುಗಿನದು, ಚೌಕಾಸಿ ಕನ್ನಡದ್ದು, ಬೈಗುಳಕ್ಕೆ ಎರಡೂ ಆಗುತ್ತದೆ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗವೂ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕಾಗಿತ್ತು. ಅವತ್ತು ಆದೋನಿ, ಆಲೂರು, ರಾಯದುರ್ಗ ಮೂರೂ ಹೊಸ ಆಂಧ್ರ ರಾಜ್ಯಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಗಡಿಯ ಗೆರೆ ಗುಡ್ಡಗಳ ಮೇಲೆ ಹಾದುಹೋಯಿತು. ಗೆರೆಯ ಎರಡೂ ಮಗ್ಗುಲಲ್ಲಿ ಕಬ್ಬಿಣದ ಅದಿರಿತ್ತು. ಆಮೇಲೆ ನಡೆದ ಅಕ್ರಮ ಗಣಿಗಾರಿಕೆಯ ಕಥೆಯನ್ನು ಟಿ.ವಿ. ಚಾನೆಲ್ಲುಗಳು ವರ್ಷಗಟ್ಟಲೆ ತೋರಿಸಿವೆ.

ಗಣಿ ಕೆಲಸ ನಡೆದ ಗುಡ್ಡವನ್ನು ದೂರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿರುವುದು ಕಾಣುತ್ತದೆ. ಆ ಮೆಟ್ಟಿಲುಗಳನ್ನು ಸುತ್ತಿಕೊಂಡು ಲಾರಿ ದಾರಿಗಳು ಏರುತ್ತವೆ. ಟನ್ನುಗಟ್ಟಲೆ ಅದಿರು ಹೊತ್ತ ಟಿಪ್ಪರ್‌ಗಳು ವರ್ಷಗಟ್ಟಲೆ ಓಡಾಡಿ ತುಳಿದ ಕೆಂಪು ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಅಗಲವಾದ ತಿರುವು, ಹದವಾದ ಏರು, ಒಂದು ಕಡೆ ಕಡಿದ ಗೋಡೆ, ಇನ್ನೊಂದು ಕಡೆ ಬಯಲು. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆಯ ಕೆಲಸದಲ್ಲಿರುವ ನನ್ನ ಸೋದರಳಿಯ ಬೆಂಗಳೂರಿಗೆ ಬಂದಾಗ ಗೆಳೆಯರ ಜೊತೆ ಎಟಿವಿ ಎಂಬ ನಾಲ್ಕು ಗಾಲಿಯ ಗಾಡಿ ಓಡಿಸಿ ಬಂದಿದ್ದ. ಆ ಗುಂಗು ಇಳಿದಿರಲಿಲ್ಲ. "ಮಾಮ, ದುಡ್ಡು ಕೊಟ್ಟು ಮಣ್ಣು ಗುಡ್ಡೆ ಹಾಕಿ ಟ್ರ್ಯಾಕ್ ಮಾಡ್ಯಾರೆ. ನಮ್ಮ ಓಬಳಾಪುರದ ಕಡೆ ಪುಗಸಟ್ಟೆ ಐತೆ. ಇಲ್ಲೊಂದು ಪಾರ್ಕ್ ಹಾಕಿದ್ರೆ ಹೆಂಗಿರ್ತೈತೆ?" ಎಂದು ಕೇಳಿದ.

ಪ್ರಶ್ನೆ ಹುಡುಗಾಟದ್ದಲ್ಲ. ಜಗತ್ತಿನಲ್ಲಿ ಇಂಥದ್ದು ಆಗಿದೆ, ಅದೂ ಕಬ್ಬಿಣದ ಗಣಿಯಲ್ಲೇ ಆಗಿದೆ. ಆದರೆ ಅದಕ್ಕೆ ಉತ್ತರ ಹುಡುಕುವ ಮೊದಲು ಈ ಗಾಡಿ ಎಂಥದ್ದು, ಬಾಡಿಗೆಗೆ ಅದನ್ನು ಹತ್ತುವವನಿಗೆ ಏನೇನು ಗೊತ್ತಿರಬೇಕು ಎಂಬುದನ್ನು ನೋಡಬೇಕು.

ಹೆಬ್ಬೆರಳಿನ ಗಾಡಿ

ಎಟಿವಿ ಅಥವಾ ಕ್ವಾಡ್ ಬೈಕ್ ಅಂದರೆ ಬೈಕಿನ ಹ್ಯಾಂಡಲ್ಲು, ಬೈಕಿನ ಸೀಟು, ಜೀಪಿನ ಗತ್ತು, ನಾಲ್ಕು ದಪ್ಪ ಗಾಲಿ. ಈಗ ಕರ್ನಾಟಕದಲ್ಲಿ ಇದು ಅಪರೂಪದ್ದೇನಲ್ಲ. ನಂದಿ ಬೆಟ್ಟದ ದಾರಿಯಲ್ಲಿ, ದೊಡ್ಡಬಳ್ಳಾಪುರ ರಸ್ತೆಯ ಆಚೀಚೆ, ಕೊಡಗು ಮತ್ತು ಚಿಕ್ಕಮಗಳೂರಿನ ತೋಟದ ಬದಿಯ ರೆಸಾರ್ಟುಗಳಲ್ಲಿ, ಕರಾವಳಿಯ ಕೆಲವು ಕಡಲತೀರಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಎಲ್ಲ ಕಡೆಯೂ ನೋಟ ಹೆಚ್ಚು ಕಡಿಮೆ ಒಂದೇ. ಒಂದೆರಡು ಎಕರೆ ಜಾಗ, ಹಳೆಯ ಟೈರುಗಳ ಬೇಲಿ, ಜೆಸಿಬಿ ತರಿಸಿ ಮಾಡಿದ ನಾಲ್ಕಾರು ದಿಬ್ಬ, ನೀರು ಬಿಟ್ಟು ಕಲಸಿದ ಕೆಸರಿನ ಹೊಂಡ. ಕೌಂಟರಿನಲ್ಲಿ ರೌಂಡಿನ ಲೆಕ್ಕದಲ್ಲಿ ಹಣ. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎನ್ನುವುದು ಅದರ ತಿರುಳು. ಅದನ್ನು ಓದಿ ಸಹಿ ಹಾಕಿದವರನ್ನು ನಾನಂತೂ ಕಂಡಿಲ್ಲ.

ಮೊದಲು ಖುಷಿಯ ಮಾತು. ಕ್ಲಚ್ ಇಲ್ಲ, ಗೇರು ಬದಲಿಸುವ ರಗಳೆ ಇಲ್ಲ. ಬಾಡಿಗೆಯ ಗಾಡಿಗಳಲ್ಲಿ ಹೆಚ್ಚಿನವು ಸ್ಕೂಟಿಯ ಹಾಗೆ ಬೆಲ್ಟಿನ ಮೇಲೆ ಓಡುವಂಥವು. ಮುಂದೆ, ನ್ಯೂಟ್ರಲ್, ಹಿಂದೆ, ಇಷ್ಟೇ. ಎಕ್ಸಲೇಟರ್ ಮುಷ್ಟಿಯಲ್ಲಿ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವುದು. ಇದಕ್ಕೆ ಕಾರಣವಿದೆ. ದಿಬ್ಬ ಹಾರುವಾಗ ಮೈ ಹಿಂದಕ್ಕೆ ಜಗ್ಗುತ್ತದೆ, ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತೇವೆ. ಬೈಕಿನ ಎಕ್ಸಲೇಟರ್ ಆಗಿದ್ದರೆ ಆ ಗಳಿಗೆಯಲ್ಲಿ ತಾನೇ ತಿರುಗಿಕೊಂಡು ಗಾಡಿ ಇನ್ನಷ್ಟು ನುಗ್ಗುತ್ತದೆ. ಹೆಬ್ಬೆರಳಿನದಾದರೆ ಬೆರಳು ಸಡಿಲ ಬಿಟ್ಟ ಕೂಡಲೇ ಎಂಜಿನ್ ಶಾಂತ.

ಟೈರಿನಲ್ಲೂ ಒಂದು ಉಪಾಯವಿದೆ. ಕಾರಿನ ಟೈರಿಗೆ 30ರಿಂದ 33 ಪಿಎಸ್ಐ ಗಾಳಿ ತುಂಬಿಸುತ್ತೇವೆ. ಎಟಿವಿಯ ಟೈರಿಗೆ 5ರ ಆಸುಪಾಸು ಸಾಕು. ಅಂಗೈಯಿಂದ ಒತ್ತಿದರೂ ಒಳಕ್ಕೆ ಹೋಗುವಷ್ಟು ಮೆತ್ತಗೆ. ಹೀಗಾಗಿ ಅದು ಕಲ್ಲಿನ ಮೇಲೆ ಕುಪ್ಪಳಿಸುವುದಿಲ್ಲ, ಕಲ್ಲಿನ ಆಕಾರಕ್ಕೇ ಬಗ್ಗಿಕೊಂಡು ಹತ್ತುತ್ತದೆ. ಕೆಸರಿನಲ್ಲಿ ಭಾರ ಹರಡಿಕೊಂಡು ತೇಲಿದಂತೆ ಸಾಗುತ್ತದೆ. ಬೈಕು ಬಿದ್ದೇಹೋಗುವ ಜಾಗದಲ್ಲಿ ಇದು ಗುರುಗುಟ್ಟಿಕೊಂಡು ದಾಟುವಾಗ ನಲವತ್ತು ದಾಟಿದವರ ಮುಖದಲ್ಲೂ ಹಬ್ಬದ ಕಳೆ ಬರುತ್ತದೆ. ರಸ್ತೆಯ ಗುಂಡಿಗೆ ದಿನಾ ಶಾಪ ಹಾಕುವ ಬೆಂಗಳೂರಿನವನು ಭಾನುವಾರ ಗುಂಡಿಗೆ ದುಡ್ಡು ಕೊಡುವುದು ಇದೇ ಸುಖಕ್ಕೆ.

ಬೈಕ್ ಚೆನ್ನಾಗಿ ಓಡಿಸುತ್ತೇನೆ ಎನ್ನುವವರೇ ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಬೈಕ್ ತಿರುಗಿಸುವಾಗ ಗಾಡಿಯೇ ವಾಲುತ್ತದೆ, ನಾವು ಅದರ ಜೊತೆ ವಾಲುತ್ತೇವೆ. ಎಟಿವಿ ವಾಲುವುದಿಲ್ಲ. ನಾಲ್ಕು ಗಾಲಿಯ ಮೇಲೆ ಕೂತಿರುವ ಅದು ವೇಗದಲ್ಲಿ ತಿರುಗಿದರೆ ಹೊರಮಗ್ಗುಲಿಗೆ ಮಗುಚುತ್ತದೆ. ಅಗಲ ಕಡಿಮೆ, ಕೂರುವ ಜಾಗ ಎತ್ತರ. ಮಗುಚಲು ಇಷ್ಟು ಸಾಕು. ಮೇಲಾಗಿ ಅನೇಕ ಗಾಡಿಗಳಲ್ಲಿ ಹಿಂದಿನ ಎರಡು ಗಾಲಿಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿರುತ್ತದೆ. ಕಾರಿನಲ್ಲಿರುವ ಡಿಫರೆನ್ಷಿಯಲ್ ಇಲ್ಲ. ಒಳಗಿನ ಗಾಲಿ, ಹೊರಗಿನ ಗಾಲಿ ಎರಡೂ ಒಂದೇ ವೇಗದಲ್ಲಿ ತಿರುಗುವುದರಿಂದ ಗಾಡಿಗೆ ನೇರ ಹೋಗುವುದೇ ಇಷ್ಟ. ಹ್ಯಾಂಡಲ್ ತಿರುಗಿಸಿದರೂ ಒಂದು ಕ್ಷಣ ಮಾತು ಕೇಳುವುದಿಲ್ಲ. ಮೈಯನ್ನು ತಿರುವಿನ ಒಳಕ್ಕೆ ಜಾರಿಸಿ, ಹೊರಗಿನ ಪಾದದ ಮೇಲೆ ಭಾರ ಕೊಟ್ಟು ತಿರುಗಿಸಬೇಕು. ನೋಡುವವರಿಗೆ ಸವಾರ ಸುಮ್ಮನೆ ಕೂತಂತೆ ಕಾಣುತ್ತದೆ, ಮರುದಿನ ಬೆಳಿಗ್ಗೆ ತೊಡೆ, ಹೆಗಲು ನಿಜ ಹೇಳುತ್ತವೆ.

ಇನ್ನೊಂದು ಅಪಾಯ ಕಾಲಿನದು. ಬೈಕ್ ನಿಧಾನವಾದ ಕೂಡಲೇ ನಾವು ಯೋಚಿಸದೆ ಕಾಲನ್ನು ನೆಲಕ್ಕಿಡುತ್ತೇವೆ. ಹದಿನೈದು ವರ್ಷ ಬೈಕ್ ಓಡಿಸಿದವನ ಕಾಲು ಅವನ ಮಾತನ್ನೂ ಕೇಳುವುದಿಲ್ಲ. ಎಟಿವಿಯಲ್ಲಿ ಹೀಗೆ ಕಾಲಿಟ್ಟರೆ ಹಿಂದಿನ ಗಾಲಿ ಹಿಮ್ಮಡಿಯನ್ನು ಹಿಡಿದು ಕಾಲಿನ ಮೇಲೇ ಹತ್ತುತ್ತದೆ. ಒಳ್ಳೆಯ ಪಾರ್ಕಿನ ಹುಡುಗರು ಗಾಡಿ ಕೊಡುವ ಮೊದಲು ಹೇಳುವ ಮೊದಲ ಮಾತೇ "ಸಾರ್, ಏನೇ ಆಗ್ಲಿ, ಕಾಲು ಕೆಳಗೆ ಬಿಡ್ಬೇಡಿ" ಎಂದು. ಅದನ್ನು ಹೇಳದೆ ಕೀಲಿ ಕೊಟ್ಟರೆ ಅಲ್ಲಿಗೇ ಆ ಜಾಗದ ಯೋಗ್ಯತೆ ತಿಳಿದಂತೆ.

ಇಳಿಜಾರಿನ ವಿದ್ಯೆಯೂ ಬೇರೆ. ಏರನ್ನು ನೇರ ಹತ್ತಬೇಕು, ಮೈ ಮುಂದಕ್ಕೆ ಬಾಗಿಸಬೇಕು. ಇಳಿಯುವಾಗ ಹಿಂದಕ್ಕೆ ಸರಿದು ಕೂರಬೇಕು. ಇಳಿಜಾರಿಗೆ ಅಡ್ಡಲಾಗಿ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅರ್ಧ ಏರಿ ಎಂಜಿನ್ ನಿಂತರೆ ಹಿಂದಕ್ಕೆ ಬಿಟ್ಟುಕೊಂಡು ಬರಬಾರದು. ಬ್ರೇಕ್ ಹಿಡಿದು, ಗಾಡಿಯ ಮೇಲ್ಮಗ್ಗುಲಿನಿಂದ ಇಳಿದು, ಹುಡುಗರನ್ನು ಕೂಗಬೇಕು. ದೊಡ್ಡ ಗಾಡಿಗಳ ತೂಕ 300 ಕಿಲೊ ದಾಟುತ್ತದೆ. ಅದು ಎದೆಯ ಮೇಲೆ ಬಿದ್ದರೆ ಹೆಲ್ಮೆಟ್ಟಿನಿಂದ ಏನೂ ಉಪಯೋಗವಿಲ್ಲ.

ಮೂರು ಗಾಲಿಯ ಪಾಠ

ಈ ಅಪಾಯಗಳನ್ನು ಜಗತ್ತು ಕಲಿತದ್ದು ಮೈ ಮುರಿದುಕೊಂಡೇ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ಒಂದು ವಿಚಿತ್ರ ಗಾಡಿ ಬಿಟ್ಟಿತು. ಚಳಿಗಾಲದಲ್ಲಿ ಬೈಕ್ ವ್ಯಾಪಾರ ಮಲಗುತ್ತದೆ, ಹಿಮದಲ್ಲೂ ಮಾರಬಹುದಾದ ಏನನ್ನಾದರೂ ಕೊಡಿ ಎಂದು ಅಲ್ಲಿನ ಡೀಲರುಗಳು ಕೇಳಿದ್ದರು. ಎಂಜಿನಿಯರ್ ಒಸಾಮು ತಾಕೆಉಚಿ ಬಲೂನಿನಂಥ ಮೂರು ಟೈರುಗಳ ಮೇಲೆ ಚಿಕ್ಕ ಎಂಜಿನ್ ಕೂರಿಸಿದರು. ಮರುವರ್ಷವೇ ಜೇಮ್ಸ್ ಬಾಂಡ್ 'ಡೈಮಂಡ್ಸ್ ಆರ್ ಫಾರೆವರ್' ಚಿತ್ರದಲ್ಲಿ ಅದನ್ನು ಓಡಿಸಿದ. ಇನ್ನೇನು ಬೇಕು? ಎಪ್ಪತ್ತರ ದಶಕದುದ್ದಕ್ಕೂ ಅಮೆರಿಕದ ಹೊಲಗಳಲ್ಲಿ, ಮರಳಿನಲ್ಲಿ, ಹಿತ್ತಿಲಲ್ಲಿ ಮೂರು ಗಾಲಿಯ ಗಾಡಿಗಳು ಓಡಾಡಿದವು. ಓಡಿಸಿದವರಲ್ಲಿ ಮಕ್ಕಳೂ ಬಹಳ ಮಂದಿ. ಆಸ್ಪತ್ರೆ ಸೇರಿದವರ ಲೆಕ್ಕ ಏರುತ್ತ ಹೋಯಿತು. 1988ರಲ್ಲಿ ಅಲ್ಲಿನ ಗ್ರಾಹಕ ಸುರಕ್ಷಾ ಆಯೋಗದ ಜೊತೆ ಕಂಪನಿಗಳು ನ್ಯಾಯಾಲಯದಲ್ಲಿ ಒಪ್ಪಂದಕ್ಕೆ ಬಂದು ಮೂರು ಗಾಲಿಯದರ ಮಾರಾಟ ನಿಲ್ಲಿಸಿದವು. 1982ರಲ್ಲಿ ಸುಜುಕಿ ಶುರು ಮಾಡಿದ್ದ ನಾಲ್ಕು ಗಾಲಿಯ ಗಾಡಿ ಉಳಿಯಿತು. ದೊಡ್ಡವರ ಅಳತೆಯ ಗಾಡಿಯನ್ನು 16 ವರ್ಷದೊಳಗಿನವರಿಗೆ ಕೊಡಕೂಡದು ಎಂಬ ಎಚ್ಚರಿಕೆ ಅವತ್ತಿನಿಂದ ಗಾಡಿಯ ಮೇಲೆಯೇ ಅಂಟಿಕೊಂಡಿದೆ.

ನಾಲ್ಕು ಗಾಲಿ ಬಂದ ಮೇಲೂ ಮಗುಚುವುದು ನಿಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ ರೈತರು ಕುರಿ, ದನ ಕಾಯಲು ಇದನ್ನೇ ಬಳಸುತ್ತಾರೆ, ಹೊಲದ ಸಾವುಗಳಲ್ಲಿ ಇದರ ಪಾಲು ದೊಡ್ಡದು. ಅಲ್ಲಿನ ಸರ್ಕಾರ 2019ರಲ್ಲಿ ಕಡ್ಡಾಯ ಮಾನದಂಡ ತಂದಿತು. ಮಗುಚಿದರೂ ಸವಾರ ಜಜ್ಜಿಹೋಗದಂತೆ ಹಿಂಬದಿಗೆ ಕಬ್ಬಿಣದ ಕಮಾನು ಇರಲೇಬೇಕು ಎಂಬ ನಿಯಮ 2021ರ ಅಕ್ಟೋಬರಿನಿಂದ ಜಾರಿಗೆ ಬಂತು. ಹೋಂಡಾ, ಯಮಹಾದಂಥ ಕಂಪನಿಗಳು ಕಮಾನು ಹಾಕುವುದಕ್ಕಿಂತ ಆ ದೇಶದಲ್ಲಿ ಮಾರುವುದನ್ನೇ ಬಿಡುತ್ತೇವೆ ಎಂದವು. ಸರ್ಕಾರ ಮಣಿಯಲಿಲ್ಲ. ನನಗೆ ಈ ಜಗಳದಲ್ಲಿ ಸರ್ಕಾರದ ಪಕ್ಷವೇ ಸರಿ ಎನಿಸುತ್ತದೆ.

ನಮ್ಮಲ್ಲಿ? ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 2(28) 'ಮೋಟಾರು ವಾಹನ' ಯಾವುದು ಎಂದು ಹೇಳುತ್ತದೆ. ಕಾರ್ಖಾನೆಯೊಳಗೆ ಅಥವಾ ಬೇರೆ ಆವರಣದೊಳಗೆ ಮಾತ್ರ ಓಡಿಸಲೆಂದೇ ಇರುವ ವಿಶೇಷ ಬಗೆಯ ವಾಹನವನ್ನು ಅದು ಹೊರಗಿಡುತ್ತದೆ. ಪಾರ್ಕಿನ ಬೇಲಿಯೊಳಗಿನ ಎಟಿವಿ ಈ ಸಂದಿಯಲ್ಲಿ ಕೂತಿದೆ. ನಂಬರ್ ಪ್ಲೇಟಿಲ್ಲ, ಲೈಸೆನ್ಸ್ ಕೇಳುವವರಿಲ್ಲ, ರಸ್ತೆಯ ವಾಹನಕ್ಕೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ಮಾತೂ ಇಲ್ಲ. ಹಾಗೆಂದು ಅದು ಬೇಲಿ ದಾಟಿ ಊರ ರಸ್ತೆಗೆ ಬರುವಂತಿಲ್ಲ. ಬಂದರೆ ಆರ್‌ಟಿಒ ಹಿಡಿಯಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ತಂದ ಸಾಹಸ ಪ್ರವಾಸದ ಮಾರ್ಗಸೂಚಿಯಲ್ಲಿ ಎಟಿವಿಗೂ ಒಂದು ಅಧ್ಯಾಯವಿದೆ. ಮಾರ್ಗಸೂಚಿ ಅಂದರೆ ಬುದ್ಧಿವಾದ. ಕೇಳಿದವರು ಕೇಳಿದರು, ಬಿಟ್ಟವರು ಬಿಟ್ಟರು.

ಗಿಲ್ಬರ್ಟಿನಲ್ಲಿ ಆದದ್ದು

ಅಮೆರಿಕದ ಮಿನೆಸೋಟ ರಾಜ್ಯದ ಉತ್ತರಕ್ಕೆ ಮೆಸಾಬಿ ಎಂಬ ಕಬ್ಬಿಣದ ಸೀಮೆಯಿದೆ. ಆ ದೇಶದ ಉಕ್ಕಿನ ಕಾರ್ಖಾನೆಗಳಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ಅದಿರು ಕೊಟ್ಟ ನೆಲ. ಅಲ್ಲಿನ ಗಿಲ್ಬರ್ಟ್ ಎಂಬ ಸಣ್ಣ ಊರಿನ ಪಕ್ಕ, ಗಣಿ ಕೆಲಸ ಮುಗಿದ ಸುಮಾರು 1,200 ಎಕರೆಯಲ್ಲಿ, ರಾಜ್ಯ ಸರ್ಕಾರವೇ 2002ರಲ್ಲಿ ಒಂದು ಆಫ್‌ರೋಡ್ ಪಾರ್ಕ್ ತೆರೆಯಿತು. ಕೆಂಪು ಮಣ್ಣಿನ ದಿಬ್ಬ, ಹಳೆಯ ಗಣಿ ದಾರಿ, ಕಡಿದ ಗೋಡೆಗಳ ನಡುವೆ 36 ಮೈಲಿ ಟ್ರೇಲು. ಫೋಟೊ ನೋಡಿದರೆ ಬಳ್ಳಾರಿ ಕಡೆಯ ಸಂಡೂರಿನದೇ ಇರಬೇಕು ಅನಿಸುತ್ತದೆ, ಹಿಂದಿನ ಮರಗಳನ್ನು ಮರೆಸಿದರೆ. ದಾರಿಗಳಿಗೆ ಸುಲಭ, ಮಧ್ಯಮ, ಕಠಿಣ ಎಂದು ದರ್ಜೆಯಿದೆ. ಸವಾರರು ಗಾಡಿ ನೋಂದಣಿಗೆ ಕಟ್ಟುವ ಹಣದಲ್ಲಿ ಒಂದು ಪಾಲು ಟ್ರೇಲು ಕಾಯಲು ಹೋಗುತ್ತದೆ. 1987ರ ಜುಲೈ 1ರ ನಂತರ ಹುಟ್ಟಿದವರು ಆ ರಾಜ್ಯದ ಸಾರ್ವಜನಿಕ ಜಾಗದಲ್ಲಿ ಎಟಿವಿ ಓಡಿಸಬೇಕಾದರೆ ಮೊದಲು ಸುರಕ್ಷಾ ತರಬೇತಿ ಮುಗಿಸಿರಬೇಕು. ಗಿಲ್ಬರ್ಟಿನ ಪಕ್ಕದ ಇನ್ನೊಂದು ಗಣಿ ಹೊಂಡದಲ್ಲಿ ನೀರು ನಿಂತು ಕೆರೆಯಾಗಿದೆ, ಅದರೊಳಗೆ ಜನ ಮುಳುಗುಗಾರಿಕೆಗೆ ಬರುತ್ತಾರೆ.

ಪಶ್ಚಿಮ ವರ್ಜೀನಿಯಾದ್ದು ಇನ್ನೂ ದೊಡ್ಡ ಸಾಹಸ. ಕಲ್ಲಿದ್ದಲಿನ ಸೀಮೆ ಅದು. ಗಣಿಗಳು ಮುಚ್ಚಿ ಊರುಗಳು ಬಡವಾದಾಗ 1996ರಲ್ಲಿ ಅಲ್ಲಿನ ಶಾಸನಸಭೆ ಒಂದು ಪ್ರಾಧಿಕಾರ ಮಾಡಿತು. 2000ದಲ್ಲಿ ಹ್ಯಾಟ್‌ಫೀಲ್ಡ್–ಮೆಕಾಯ್ ಟ್ರೇಲುಗಳು ತೆರೆದವು. ಜಮೀನು ಬಹುಪಾಲು ಕಲ್ಲಿದ್ದಲು ಮತ್ತು ಮರದ ಕಂಪನಿಗಳದೇ. ಪ್ರಾಧಿಕಾರ ಅವರಿಂದ ಓಡಾಡುವ ಹಕ್ಕು ಪಡೆದು, ಪಾಸ್ ಮಾರಿ, ಟ್ರೇಲು ಕಾಯುತ್ತದೆ. ಈಗ 1,000 ಮೈಲಿಗೂ ಹೆಚ್ಚು ದಾರಿ. ಹೆಲ್ಮೆಟ್ ಇಲ್ಲದೆ ಪ್ರವೇಶವಿಲ್ಲ, ಒಬ್ಬರ ಗಾಡಿಯಲ್ಲಿ ಇಬ್ಬರು ಕೂರುವಂತಿಲ್ಲ. ಊರಿನ ಲಾಡ್ಜು, ಹೋಟೆಲು, ಪೆಟ್ರೋಲ್ ಬಂಕು, ಗ್ಯಾರೇಜು ಈ ಸವಾರರನ್ನೇ ನಂಬಿ ನಡೆಯುತ್ತಿವೆ.

ಸೋದರಳಿಯನಿಗೆ ಇಷ್ಟನ್ನು ಹೇಳಿದಾಗ ಅವನ ಕಣ್ಣು ಅರಳಿತು. "ಮತ್ತೆ ನಮ್ದ್ಯಾಕೆ ಆಗಲ್ಲ?"

ನಮ್ಮದು ಯಾಕೆ ಕಷ್ಟ

ಮೊದಲ ಕಾರಣ: ಗಿಲ್ಬರ್ಟಿನಲ್ಲಿ ಗಣಿ ಕೆಲಸ ಮುಗಿದಿತ್ತು. ಓಬಳಾಪುರದಲ್ಲಿ ಮುಗಿದಿಲ್ಲ, ನಿಲ್ಲಿಸಲಾಗಿದೆ. ಇವೆರಡಕ್ಕೂ ಬಹಳ ವ್ಯತ್ಯಾಸವಿದೆ. ಅಕ್ರಮ ಗಣಿಗಾರಿಕೆಯ ದೂರಿನ ಮೇಲೆ 2009ರ ಕೊನೆಗೆ ಇಲ್ಲಿ ಕೆಲಸ ನಿಂತು ಪ್ರಕರಣ ಸಿಬಿಐಗೆ ಹೋಯಿತು. ಗಡಿಯ ಈಚೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಮೈನಿಂಗ್ ಕಂಪನಿಯ ಪ್ರಕರಣದಲ್ಲಿ ಜಿ. ಜನಾರ್ದನ ರೆಡ್ಡಿ ಮತ್ತಿತರರಿಗೆ 7 ವರ್ಷ ಶಿಕ್ಷೆ ವಿಧಿಸಿತು, ಮರು ತಿಂಗಳು ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಎರಡು ರಾಜ್ಯಗಳ ಗಡಿ ಗುರುತಿಸಲು ಸರ್ವೆ ಆಫ್ ಇಂಡಿಯಾದವರೇ ಬರಬೇಕಾಯಿತು. ಗುಡ್ಡದೊಳಗೆ ಅದಿರು ಇನ್ನೂ ಇದೆ. ಅದಿರಿರುವ ಗುಡ್ಡದ ಮೇಲೆ ಕಣ್ಣಿಟ್ಟವರು ಎಟಿವಿ ಪಾರ್ಕಿಗೆ ಜಾಗ ಬಿಡುವವರಲ್ಲ.

ಎರಡನೆಯದು ಅರಣ್ಯ. ಈ ಗಣಿಗಳಿದ್ದದ್ದು ಬಹುಮಟ್ಟಿಗೆ ಮೀಸಲು ಅರಣ್ಯದಲ್ಲಿ. ಅರಣ್ಯ ಭೂಮಿಯನ್ನು ಗಣಿಗೆ ಕೊಟ್ಟರೂ ಅದು ಅರಣ್ಯ ಭೂಮಿಯೇ; ಕೆಲಸ ಮುಗಿದ ಮೇಲೆ ಗಿಡ ನೆಟ್ಟು ಇಲಾಖೆಗೆ ಒಪ್ಪಿಸಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಅಗೆದು ಬೋಳಾದ ಮೇಲೆ ಅಲ್ಲಿ ಏನಿದೆ ಹಾಳಾಗುವುದಕ್ಕೆ ಎಂದು ಕೇಳುವವರಿದ್ದಾರೆ. ಹಾಳಾದದ್ದನ್ನು ಮತ್ತೆ ಬೆಳೆಸುವ ಕೆಲಸ ಅಲ್ಲಿ ನಡೆಯಬೇಕಿದೆ ಎನ್ನುವುದೇ ಅದಕ್ಕೆ ಉತ್ತರ.

ಬೆಳೆಸುವುದು ಅಂದರೆ ಏನೆಂದು ಬಳ್ಳಾರಿ ಕಡೆಯ ಗಣಿಗಳಲ್ಲಿ ನೋಡಬಹುದು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನಾ ಪರಿಷತ್ತು ಪ್ರತಿ ಗಣಿಗೂ ಸುಧಾರಣಾ ಯೋಜನೆ ಬರೆದುಕೊಟ್ಟಿತು. ಅದಿರಿನ ಮೇಲಿನ ಬೇಡದ ಮಣ್ಣನ್ನು ಸುರಿದ ದಿಬ್ಬಗಳನ್ನು ಮೆಟ್ಟಿಲಾಗಿಸುವುದು, ಕೆಳಗೆ ಕಲ್ಲಿನ ತಡೆಗೋಡೆ, ಹಳ್ಳಗಳಿಗೆ ಚೆಕ್ ಡ್ಯಾಂ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸಿ ಹುಲ್ಲು ಬೆಳೆಸುವುದು. ದಿಬ್ಬದ ಮಣ್ಣು ಸಡಿಲ. ಅದನ್ನು ಹಿಡಿದಿಡುವುದು ಆ ಹುಲ್ಲಿನ ಬೇರು ಮಾತ್ರ. ದಪ್ಪ ಹಲ್ಲಿನ ಟೈರು ಎರಡು ಸಲ ಹತ್ತಿ ಇಳಿದರೆ ಹುಲ್ಲು ಕಿತ್ತು ಗೀರು ಬೀಳುತ್ತದೆ. ಮೊದಲ ಮಳೆಗೆ ಗೀರು ಕೊರಕಲಾಗುತ್ತದೆ, ಕೆಂಪು ನೀರು ಕೆಳಗಿನ ಕೆರೆಗೆ, ಹೊಲಕ್ಕೆ ಇಳಿಯುತ್ತದೆ. ಸವಾರನಿಗೆ ಎಲ್ಲಕ್ಕಿಂತ ಚೆಂದ ಕಾಣುವ ಜಾಗವೇ ಆ ದಿಬ್ಬ. ಅಲ್ಲಿಗೇ ಅವನನ್ನು ಬಿಡಬಾರದು.

ಧೂಳಿನ ಮಾತು ಬೇರೆ ಹೇಳಬೇಕೆ? ಅದಿರಿನ ಲಾರಿಗಳು ಓಡಿದ ಕಾಲದಲ್ಲಿ ಈ ಭಾಗದ ಮನೆಗಳ ಗೋಡೆ, ಗಿಡದ ಎಲೆ, ಕೊಡದ ನೀರು ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು. ಹತ್ತಿ, ಮೆಣಸಿನಕಾಯಿಯ ಮೇಲೆ ಧೂಳು ಕೂತು ಬೆಳೆ ಹೋಯಿತೆಂದು ರೈತರು ಗೋಳಾಡಿದರು. ಸಾಲಾಗಿ ಹೊರಟ ಎಟಿವಿಗಳಲ್ಲಿ ಮುಂದಿನವನಿಗೆ ದೃಶ್ಯ, ಹಿಂದಿನವರಿಗೆಲ್ಲ ಧೂಳು. ದಿನಾ ಅಲ್ಲೇ ನಿಲ್ಲುವ ಕೆಲಸದ ಹುಡುಗನ ಶ್ವಾಸಕೋಶದ ಗತಿ ಯೋಚಿಸಿ. ಅನಂತಪುರ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಕುಡಿಯುವ ನೀರಿಗೆ ಬಿಂದಿಗೆ ಸಾಲು ನಿಲ್ಲುವ ಊರಿನಲ್ಲಿ ಟ್ರ್ಯಾಕಿಗೆ ಟ್ಯಾಂಕರ್ ನೀರು ಚಿಮುಕಿಸಿ ಎಂದು ಹೇಳುವ ಧೈರ್ಯ ನನಗಿಲ್ಲ.

ಇದೇ ರಾಯದುರ್ಗ ಸೀಮೆಯಲ್ಲಿ ಎಟಿವಿಯವರ ಬಾಯಲ್ಲಿ ನೀರೂರಿಸುವ ಮತ್ತೊಂದು ಜಾಗವಿದೆ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನ ಮರಳು ದಿಬ್ಬಗಳು. ವೇದಾವತಿ, ನಮ್ಮ ಬಾಯಲ್ಲಿ ಹಗರಿ, ಬತ್ತಿದ ಪಾತ್ರದಿಂದ ಮುಂಗಾರಿನ ಗಾಳಿ ಮರಳನ್ನು ಎತ್ತಿ ತಂದು ಹೊಲಗಳ ಮೇಲೆ ಸುರಿಯುತ್ತದೆ. ರಾಜಸ್ಥಾನದ ಫೋಟೊ ಅಂದರೆ ನಂಬುತ್ತೀರಿ. ಮರಳು ಚಲಿಸದಂತೆ ಹಿಡಿಯಲು ಗಿಡ, ಹುಲ್ಲು ಬೆಳೆಸುವುದೊಂದೇ ದಾರಿ. ಅದರ ಮೇಲೆ ಗಾಲಿ ಹರಿದರೆ ಬೇರು ಸಡಿಲವಾಗಿ ಮರಳು ಮತ್ತೆ ಹೊರಡುತ್ತದೆ, ಪಕ್ಕದ ಹೊಲದವನ ಶೇಂಗಾ ಹೂತುಹೋಗುತ್ತದೆ. ದುಬೈನ ಮರುಭೂಮಿಯಲ್ಲಿ ಕ್ವಾಡ್ ಓಡಿಸಿ ಬಂದವರು ಇಲ್ಲೂ ಹಾಗೇ ಮಾಡೋಣ ಎನ್ನುತ್ತಾರೆ. ದರ್ಗಾ ಹೊನ್ನೂರಿನ ಮರಳಿನ ಕೆಳಗೆ ಯಾರದೋ ಪಟ್ಟಾ ಜಮೀನಿದೆ. ಅಲ್ಲಿಗೆ ಎಟಿವಿ ಹೋಗಲೇಬಾರದು.

ಆಗುವುದಾದರೆ ಹೀಗೆ

ಇಷ್ಟೆಲ್ಲ ಹೇಳಿದ ಮೇಲೂ ಹುಡುಗರ ಆಸೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಗಣಿಯ ಅಬ್ಬರದಲ್ಲಿ ಸಾಲ ಮಾಡಿ ಟಿಪ್ಪರ್ ಕೊಂಡವರು, ಡ್ರೈವರುಗಳು, ಕ್ಲೀನರುಗಳು, ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಕೆಲಸ ನಿಂತ ದಿನ ಬೀದಿಗೆ ಬಿದ್ದರು. ತಪ್ಪು ಮಾಡಿದವರ ಹೆಸರು ಪತ್ರಿಕೆಯಲ್ಲಿ ಬಂತು, ಇವರದು ಎಲ್ಲೂ ಬರಲಿಲ್ಲ. ಈ ನೆಲದ ಏರಿಳಿತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಯಾವ ತಿರುವಿನಲ್ಲಿ ಮಣ್ಣು ಜಾರುತ್ತದೆ, ಮಳೆ ಬಿದ್ದ ಎಷ್ಟು ಹೊತ್ತಿನ ಮೇಲೆ ಗಾಡಿ ಬಿಡಬಹುದು ಎಂದು ಹಳೆಯ ಟಿಪ್ಪರ್ ಡ್ರೈವರ್ ನೋಡಿಯೇ ಹೇಳುತ್ತಾನೆ.

ಗುಡ್ಡ ಬೇಡ, ಅರಣ್ಯ ಬೇಡ, ವಿವಾದದ ಲೀಸಿನ ಜಾಗವಂತೂ ಬೇಡವೇ ಬೇಡ. ಕೆಳಗೆ ಬಯಲಿನಲ್ಲಿ ಅದಿರು ರಾಶಿ ಹಾಕಲು, ತೂಕ ಹಾಕಲು, ಲಾರಿ ನಿಲ್ಲಿಸಲು ಬಳಸಿದ ಕಂದಾಯ ಮತ್ತು ಖಾಸಗಿ ಜಮೀನುಗಳಿರುತ್ತವೆ. ಮಣ್ಣು ಕಲ್ಲಿನಂತಾಗಿ ಬೆಳೆಗೆ ಬಾರದಂಥವು. ಅಂಥ ಕಡೆ ಒಂದೇ ಒಂದು ಸುತ್ತಿನ ಟ್ರೇಲು ಸಾಕು. ಗಣಿ ನಿಯಮ ಸಾಗಣೆ ರಸ್ತೆಗೆ ಹದಿನಾರಕ್ಕೆ ಒಂದರ ಏರು ಎಂದು ಮಿತಿ ಹಾಕುತ್ತದೆ, ಅಂಚಿಗೆ ಮಣ್ಣಿನ ಬದು ಕಟ್ಟಿಸುತ್ತದೆ. ಬಾಡಿಗೆಯ ಸವಾರನಿಗೂ ಅದೇ ಅಳತೆ ಒಳ್ಳೆಯದು. ಗಾಡಿಗಳಿಗೆ ವೇಗದ ಮಿತಿ ಹಾಕುವ ಸ್ಕ್ರೂ ಇರುತ್ತದೆ, ಹೊಸಬರಿಗೆ ಅದನ್ನು ಬಿಗಿದೇ ಕೊಡಬೇಕು. ಸವಾರನ ಮಣಿಕಟ್ಟಿಗೆ ದಾರ ಕಟ್ಟಿ, ಬಿದ್ದರೆ ಎಂಜಿನ್ ತಾನೇ ನಿಲ್ಲುವ ಸ್ವಿಚ್ಚು ಇರಬೇಕು. ಧೂಳಿನ ತಿಂಗಳುಗಳಲ್ಲಿ ಒಂದು ಗಾಡಿಗೂ ಇನ್ನೊಂದಕ್ಕೂ ಸಾಕಷ್ಟು ಅಂತರ, ಊರಿನತ್ತ ಗಾಳಿ ಬೀಸುವ ದಿನ ಬಾಗಿಲು ಬಂದ್. ಇವೆಲ್ಲ ಕೋಟಿಗಟ್ಟಲೆಯ ಕೆಲಸವಲ್ಲ. ಗಣಿ ಬಾಧಿತ ಊರುಗಳಿಗೆಂದೇ 2015ರಲ್ಲಿ ಕಾನೂನಿನ ಬಲ ಪಡೆದ ಜಿಲ್ಲಾ ಖನಿಜ ಪ್ರತಿಷ್ಠಾನ ಎರಡೂ ರಾಜ್ಯಗಳಲ್ಲಿದೆ. ಹಣವನ್ನು ಮೊದಲು ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಕೊಡಲಿ. ಆಮೇಲೆ ಹುಡುಗರ ತರಬೇತಿಗೂ ಸ್ವಲ್ಪ ಕೊಡಬಹುದು. ಮೆಕ್ಯಾನಿಕ್ ಕೆಲಸ, ಪ್ರಥಮ ಚಿಕಿತ್ಸೆ, ಸವಾರಿ ಕಲಿಸುವ ವಿದ್ಯೆ ಬಂದರೆ ಅದು ಬೇರೆಲ್ಲಿಗೆ ಹೋದರೂ ಅನ್ನ ಕೊಡುತ್ತದೆ.

ಗಾಡಿಯನ್ನೂ ತರಿಸಿಕೊಳ್ಳಲೇಬೇಕೆಂದಿಲ್ಲ. ಮಧ್ಯಪ್ರದೇಶದ ಪೀತಂಪುರದಲ್ಲಿ 2007ರಿಂದ ನಡೆದುಬಂದಿರುವ 'ಬಾಹಾ ಎಸ್‌ಎಇ ಇಂಡಿಯಾ' ಸ್ಪರ್ಧೆಗೆ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಬೆಸುಗೆ ಹಾಕಿ ಕಟ್ಟಿದ ಒಂಟಿ ಸವಾರನ ಆಫ್‌ರೋಡ್ ಗಾಡಿ ತರುತ್ತಾರೆ. ಅವಕ್ಕೆ ಸುತ್ತ ಕಬ್ಬಿಣದ ಪಂಜರ, ಸೀಟ್ ಬೆಲ್ಟು ಎರಡೂ ಕಡ್ಡಾಯ. ಮಗುಚಿದರೆ ಎಟಿವಿಗಿಂತ ಅದೇ ವಾಸಿ. ಬಳ್ಳಾರಿ, ಅನಂತಪುರ ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಅವರ ಪರೀಕ್ಷಾ ಓಟಕ್ಕಾದರೂ ಇಂಥ ಒಂದು ಸುತ್ತು ಬೇಕು.

ಓಬಳಾಪುರದಲ್ಲಿ ಇದು ಆಗಲಿ ಬಿಡಲಿ, ಈ ಭಾನುವಾರವೂ ನಿಮ್ಮಲ್ಲಿ ಕೆಲವರು ಎಲ್ಲೋ ಒಂದು ಟ್ರ್ಯಾಕಿನ ಮುಂದೆ ನಿಂತಿರುತ್ತೀರಿ. ಹೋಗಿ, ಖಂಡಿತ ಓಡಿಸಿ. ಬೂಟು, ಉದ್ದ ಪ್ಯಾಂಟು ಹಾಕಿಕೊಳ್ಳಿ. ದುಪಟ್ಟಾ, ಸೀರೆಯ ಸೆರಗು ಗಾಲಿಯ ಹತ್ತಿರ ಸುಳಿಯದಿರಲಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗುತ್ತದೆಯೇ, ಎರಡೂ ಬ್ರೇಕ್ ಹಿಡಿಯುತ್ತವೆಯೇ, ಎಂಜಿನ್ ನಿಲ್ಲಿಸುವ ಸ್ವಿಚ್ಚು ಎಲ್ಲಿದೆ ಎಂದು ಹಣ ಕೊಡುವ ಮೊದಲು ಕೇಳಿ. ಆಸ್ಪತ್ರೆ ಎಷ್ಟು ದೂರ ಎಂದೂ ಕೇಳಿ, ನಗುತ್ತಾರೆ, ನಗಲಿ. "ಮಗೂನ ಮುಂದೆ ಕೂರಿಸ್ಕೊಳ್ಳಿ ಸಾರ್, ಏನೂ ಆಗಲ್ಲ" ಎಂದು ಯಾರಾದರೂ ಹೇಳಿದರೆ ಮಾತ್ರ ಕೊಟ್ಟ ಹಣವನ್ನು ವಾಪಸ್ ಪಡೆದು, ಮಗುವನ್ನು ಎತ್ತಿಕೊಂಡು, ಅಲ್ಲಿಂದ ಹೊರಟುಬಿಡಿ.